ಮೂರು ತಿಂಗಳ ಕಥೆ ಸಾಕು, ಮೂರು ವರ್ಷದ್ದು ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಒಲೆ ಹಚ್ಚದೆ ಬದುಕುತ್ತಿರುವ ದಂಪತಿಯ ಬಗ್ಗೆ ಇಡೀ ಪುಟ ಹಾಕಿದ್ದೀರಿ. ಪಪ್ಪಾಯಿ, ದಾಳಿಂಬೆ, ಮೊಳಕೆಕಾಳು ತುಂಬಿದ ತಟ್ಟೆಯ ಫೋಟೊ ಚೆನ್ನಾಗಿತ್ತು. ಬರಹವೂ ಚೆನ್ನಾಗಿತ್ತು. ಮೂರು ತಿಂಗಳಲ್ಲಿ ತೂಕ ಇಳಿಯಿತು, ಸಕ್ಕರೆ ಹತೋಟಿಗೆ ಬಂತು, ಮುಖಕ್ಕೆ ಕಳೆ ಬಂತು ಅಂತ ಅವರು ಹೇಳಿದ್ದಾರೆ. ಸುಳ್ಳು ಅಂತ ನಾನು ಹೇಳಲ್ಲ. ನಮ್ಮ ಮನೆಯಲ್ಲೂ ಮೊದಲ ಮೂರು ತಿಂಗಳು ಹೀಗೇ ಇತ್ತು. ಆಮೇಲಿನದು ಮಾತ್ರ ಎಲ್ಲೂ ಅಚ್ಚಾಗುವುದಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು. ಕತ್ತರಿ ಹಾಕುವುದಾದರೆ ತುದಿ ಕತ್ತರಿಸಿ, ನಡು ಬಿಡಿ.

ನಮ್ಮ ಯಜಮಾನರು ಬೇಯಿಸದ ಊಟಕ್ಕೆ ಇಳಿದು ಹಲವು ವರ್ಷ ಆಯಿತು. ಶುರುವಾದದ್ದು ಒಂದು ಪ್ರಕೃತಿ ಚಿಕಿತ್ಸೆಯ ಶಿಬಿರದಿಂದ. ಯಾವ ಊರು, ಯಾರು ನಡೆಸಿದ್ದು ಅನ್ನುವುದು ಬೇಡ. ಶಿಬಿರದಿಂದ ಬಂದವರೇ ಇನ್ನು ಮೇಲೆ ಬೆಂಕಿ ಕಂಡದ್ದು ಬೇಡ ಅಂದರು, ಹಾಲು ಮೊಸರೂ ಬೇಡ ಅಂದರು. ಪ್ಯಾಂಟು ಸಡಿಲ ಆಯಿತು, ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡು ಬಂದರು. ಪೇಟೆಯಲ್ಲಿ ಸಿಕ್ಕವರೆಲ್ಲ ಏನ್ರೀ ಹತ್ತು ವರ್ಷ ಚಿಕ್ಕವರಾಗಿದ್ದೀರಲ್ಲ ಅನ್ನೋರು. ಸಕ್ಕರೆ ಇಳಿಯಿತು, ಡಾಕ್ಟರು ಮಾತ್ರೆ ಅರ್ಧ ಮಾಡಿದರು. ಇಳಿಯದೆ ಇನ್ನೇನು? ಅದೇ ವಾರದಿಂದ ಬೇಕರಿಯ ಬನ್ನು ನಿಂತಿತ್ತು, ಸಂಜೆಯ ಬೋಂಡ ನಿಂತಿತ್ತು, ಲೋಟಗಟ್ಟಲೆ ಸಕ್ಕರೆ ಕಾಫಿ ನಿಂತಿತ್ತು, ಟಿವಿ ಮುಂದೆ ಕೂತು ಬಟ್ಟಲು ತುಂಬ ಚೂಡಾ ತಿನ್ನುವುದೂ ನಿಂತಿತ್ತು. ಇದರಲ್ಲಿ ಯಾವುದು ಕೆಲಸ ಮಾಡಿತು ಅಂತ ಯಾರೂ ಕೇಳಲ್ಲ. ಪುಣ್ಯವೆಲ್ಲ ಒಲೆ ಆರಿಸಿದ್ದಕ್ಕೇ ಹೋಯಿತು. ಬೇಯಿಸಿದ ಸೊಪ್ಪು, ಹುರುಳಿಕಾಳು ತಿಂದುಕೊಂಡು ಆ ನಾಲ್ಕನ್ನು ಬಿಟ್ಟಿದ್ದರೂ ಬೆಲ್ಟಿಗೆ ತೂತು ಬೀಳುತ್ತಿತ್ತು ಅಂತ ನನ್ನ ಲೆಕ್ಕ.

ನಿಮ್ಮ ಲೇಖನದಲ್ಲಿ ಒಂದು ಸಾಲಿಗೆ ನನಗೆ ಜೋರು ನಗು ಬಂತು. ಅಡುಗೆಯೇ ಇಲ್ಲದ್ದರಿಂದ ಮನೆಯ ಹೆಂಗಸಿಗೆ ಬಿಡುವು ಸಿಗುತ್ತದಂತೆ! ಬರೆದವರು ಒಮ್ಮೆ ನಮ್ಮ ಮನೆಗೆ ಬಂದು ಬಚ್ಚಲ ಪಕ್ಕ ನಿಂತು ನೋಡಬೇಕು. ರಾತ್ರಿ ಹೆಸರುಕಾಳು ನೆನೆಹಾಕಬೇಕು, ಬೆಳಿಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಬೇಕು, ಮಧ್ಯೆ ಮಧ್ಯೆ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಚೆಂದ ಮೊಳಕೆ ಬರುತ್ತದೆ. ನಮ್ಮೂರು ಸಾಗರದ ಮಳೆಗಾಲದಲ್ಲಿ ಅದೇ ಗಂಟು ಬಿಚ್ಚಿದರೆ ಲೋಳೆ ಕಟ್ಟಿ ವಾಸನೆ ಹೊಡೆಯುತ್ತಿರುತ್ತದೆ, ಎತ್ತಿ ತಿಪ್ಪೆಗೆ. ಸೊಪ್ಪಿನದು ಇನ್ನೊಂದು ಕಥೆ. ಬೇಯಿಸುವುದಾದರೆ ಎರಡು ನೀರಲ್ಲಿ ತೊಳೆದು ಬಿಡಬಹುದು, ಹಸಿ ತಿನ್ನುವುದಕ್ಕೆ ಒಂದೊಂದೇ ಎಲೆ ಬಿಡಿಸಿ, ಬುಡದ ಮಣ್ಣು ಉಜ್ಜಿ, ಉಪ್ಪುನೀರಲ್ಲಿ ಇಟ್ಟು, ಮತ್ತೆ ತೊಳೆದು ಆರಿಸಬೇಕು. ಆಮೇಲೆ ಕ್ಯಾರೆಟ್ ತುರಿ, ಬೀಟ್‌ರೂಟ್ ತುರಿ, ಕಾಯಿ ತುರಿ. ಇಷ್ಟೆಲ್ಲ ತಟ್ಟೆಗೆ ಬಂದ ಮೇಲೆ ಇವರು ಒಂದು ಗಂಟೆ ಕೂತು ಅಗಿಯುತ್ತಾರೆ. ಅಷ್ಟರಲ್ಲಿ ಅತ್ತೆಗೆ ಬಿಸಿ ಸಾರು ಅನ್ನ, ಮಗನಿಗೆ ಚಪಾತಿ ಆಗಬೇಕು. ಒಂದು ಮನೆಯಲ್ಲಿ ಎರಡು ಅಡುಗೆಮನೆ. ಬಾದಾಮಿ, ಖರ್ಜೂರ, ಒಣದ್ರಾಕ್ಷಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ ಅಂತ ನಾನು ಹೇಳಿದರೆ ನೀವು ಆ ಪುಟವನ್ನು ಶ್ರೀಮಂತರ ಅಂಕಣಕ್ಕೆ ಹಾಕುತ್ತೀರಿ.

ಇರಲಿ, ಕೆಲಸಕ್ಕೆ ನಾನು ಹೆದರುವವಳಲ್ಲ. ವಿಷಯ ಹೊಟ್ಟೆಯದು. 100 ಗ್ರಾಂ ಸೌತೆಕಾಯಿಯಲ್ಲಿ ಇರುವುದು ಸುಮಾರು 15 ಕ್ಯಾಲೊರಿ, ಅಷ್ಟೇ ತೂಕದ ಅನ್ನದಲ್ಲಿ 130. ತಟ್ಟೆ ತುಂಬಿದ ಹಾಗೆ ಕಾಣುತ್ತದೆ, ಹೊಟ್ಟೆಯೂ ತುಂಬಿದ ಹಾಗೆ ಅನಿಸುತ್ತದೆ, ಮೈಗೆ ಮಾತ್ರ ಏನೂ ಸಿಕ್ಕಿರುವುದಿಲ್ಲ. ಎರಡೇ ಗಂಟೆಯೊಳಗೆ ಮತ್ತೆ ಹಸಿವು. ಆಗ ಬಾಳೆಹಣ್ಣು, ಖರ್ಜೂರ, ಕೊಬ್ಬರಿ. ಸಕ್ಕರೆ ಕಾಯಿಲೆಯವರು ಖರ್ಜೂರದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕೂತರೆ ಏನಾಗುತ್ತದೆ ಹೇಳಿ. ಆಷಾಢದ ಮಳೆಯಲ್ಲಿ ಇವರು ಕಂಬಳಿ ಹೊದ್ದು ನಡುಗುತ್ತಾ ತಣ್ಣನೆಯ ಮೂಲಂಗಿ ತಿನ್ನುತ್ತಿದ್ದದ್ದು ನೋಡಿ ನನ್ನ ಅತ್ತೆ ಕಣ್ಣಲ್ಲಿ ನೀರು ಹಾಕೋರು.

ನಮ್ಮ ಮಗಳು ಈ ಬಗ್ಗೆ ಹುಡುಕಿ ಓದಿ ಹೇಳಿದ್ದು ನನಗೆ ಇವತ್ತಿಗೂ ಬಾಯಿಪಾಠ. ಜರ್ಮನಿಯ ಗೀಸೆನ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಹಸಿ ಆಹಾರ ತಿಂದವರನ್ನು ಹುಡುಕಿ ಅಧ್ಯಯನ ಮಾಡಿದ್ದಾರೆ. 1999ರಲ್ಲಿ ಅದು ಪ್ರಕಟ ಆಯಿತು. 216 ಗಂಡಸರು, 297 ಹೆಂಗಸರು. ಇವರು ಶಿಬಿರಕ್ಕೆ ಹೋಗಿ ಬಂದ ಹುಮ್ಮಸ್ಸಿನವರಲ್ಲ, ಸರಾಸರಿ ಮೂರೂವರೆ ವರ್ಷಕ್ಕಿಂತ ಜಾಸ್ತಿ ನಡೆಸಿದವರು. ಗಂಡಸರ ತೂಕ ಸುಮಾರು 10 ಕೆ.ಜಿ., ಹೆಂಗಸರದು 12 ಕೆ.ಜಿ. ಇಳಿದಿತ್ತು. ಇಲ್ಲಿಯವರೆಗೆ ನಿಮ್ಮ ಪುರವಣಿಗೆ ಖುಷಿಯ ಸುದ್ದಿ. ಆದರೆ ಹೆಂಗಸರಲ್ಲಿ ನಾಲ್ಕರಲ್ಲೊಬ್ಬರ ತೂಕ ಇರಬೇಕಾದ್ದಕ್ಕಿಂತ ಕಡಿಮೆ ಆಗಿತ್ತು. 45 ವರ್ಷಕ್ಕಿಂತ ಚಿಕ್ಕವರಲ್ಲಿ ಸುಮಾರು ನೂರಕ್ಕೆ 30 ಜನರಿಗೆ ಮುಟ್ಟು ಏರುಪೇರಾಗಿತ್ತು, ಕೆಲವರಿಗೆ ಪೂರ್ತಿ ನಿಂತೇ ಹೋಗಿತ್ತು. ಬರಗಾಲ ಬಂದಿದೆ ಅಂತ ಮೈ ತಿಳಿದುಕೊಳ್ಳುತ್ತದೆ, ಇಂಥ ಕಾಲದಲ್ಲಿ ಬಸಿರು ಬೇಡ ಅಂತ ಅದೇ ಬಾಗಿಲು ಹಾಕಿಕೊಳ್ಳುತ್ತದೆ. ಈಗ ಬೆಂಗಳೂರಿನ ಪಿಜಿಗಳಲ್ಲಿ ಇರುವ ಹುಡುಗಿಯರು ರೀಲ್ಸ್ ನೋಡಿಕೊಂಡು ಇದನ್ನು ಶುರು ಮಾಡುತ್ತಾರೆ. ನಮ್ಮ ಪರಿಚಯದವರ ಮಗಳೊಬ್ಬಳಿಗೆ ತಿಂಗಳುಗಟ್ಟಲೆ ಮುಟ್ಟಾಗಲಿಲ್ಲ. ಥೈರಾಯ್ಡ್ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು, ತಟ್ಟೆಯಲ್ಲಿ ಏನಿದೆ ಅಂತ ಕೇಳುವುದಕ್ಕೆ ಎಷ್ಟೋ ದಿನ ಹಿಡಿಯಿತು. ಹುಡುಗಿ ತೆಳ್ಳಗೆ ಆಗಿದ್ದಾಳೆ, ಚೆನ್ನಾಗಿ ಕಾಣ್ತಾಳೆ ಅಂತಲೇ ಎಲ್ಲರೂ ಹೊಗಳುತ್ತಿದ್ದರು.

ಇನ್ನು ಬಿ12, ನರ ಸರಿಯಾಗಿರಲು ಬೇಕಾದ ವಿಟಮಿನ್. ಇದನ್ನು ನಾನು ಬಿಡಿಸಿ ಬರೆಯಲೇಬೇಕು, ಯಾಕೆಂದರೆ ಮೂರು ತಿಂಗಳ ಕಥೆ ಯಾಕೆ ಮೋಸ ಅನ್ನುವುದು ಇಲ್ಲೇ ಇರುವುದು. ಗಿಡದಿಂದ ಬರುವ ಯಾವುದರಲ್ಲೂ ಈ ವಿಟಮಿನ್ ನೆಚ್ಚುವಷ್ಟು ಇಲ್ಲ, ಹಸಿ ತಿಂದರೂ ಇಲ್ಲ, ಬೇಯಿಸಿದರೂ ಇಲ್ಲ. ನಮ್ಮಂಥ ಸಸ್ಯಾಹಾರಿ ಮನೆಗಳಲ್ಲಿ ಅದು ಸಿಗುವುದು ಹಾಲು, ಮೊಸರು, ಮಜ್ಜಿಗೆಯಿಂದ, ಅದೂ ಎಷ್ಟೋ ಜನರಿಗೆ ಸಾಲುವುದಿಲ್ಲ. ಹಾಲು ಮೊಸರೂ ಬಿಟ್ಟರೆ ಒಳಗೆ ಬರುವ ದಾರಿಯೇ ಮುಚ್ಚಿತು. ಆದರೆ ಪಿತ್ತಕೋಶದ ಪಕ್ಕದ ಯಕೃತ್ತಿನಲ್ಲಿ, ಅಂದರೆ ಲಿವರಿನಲ್ಲಿ, ಹಳೆಯ ದಾಸ್ತಾನು ಇರುತ್ತದೆ. ಮೊದಲು ಚೆನ್ನಾಗಿ ತುಂಬಿದ್ದರೆ ವರ್ಷಗಟ್ಟಲೆ ಬರುತ್ತದೆ. ಹಾಗಾಗಿ ಮೂರು ತಿಂಗಳಿಗೆ ಏನೂ ಗೊತ್ತಾಗಲ್ಲ, ಆರು ತಿಂಗಳಿಗೂ ಗೊತ್ತಾಗಲ್ಲ. ನಿಮ್ಮ ವರದಿಗಾರರು ಬಂದು ಫೋಟೊ ತೆಗೆದು ಹೋದ ಎಷ್ಟೋ ಕಾಲದ ಮೇಲೆ ಅದು ಖಾಲಿ ಆಗುವುದು.

ನಮ್ಮವರಿಗೆ ಮೊದಲು ಕಾಲು ಜೋಮು ಹಿಡಿಯುವುದು ಶುರು ಆಯಿತು. ಸಕ್ಕರೆ ಕಾಯಿಲೆಗೆ ಹಾಗಾಗುತ್ತದೆ ಅಂದುಕೊಂಡೆವು. ಆಮೇಲೆ ಮರೆವು, ಸುಮ್ಮಸುಮ್ಮನೆ ಸಿಡುಕು. ಒಂದು ಸಂಜೆ ಅಂಗಡಿಗೆ ಹೋಗಿ ಬಂದವರು ಜಗಲಿ ಮೇಲೆ ಕೂತರು, ನೋಡಿದರೆ ಒಂದೇ ಕಾಲಲ್ಲಿ ಚಪ್ಪಲಿ. ಇನ್ನೊಂದು ಎಲ್ಲಿರೀ ಅಂತ ಕೇಳಿದರೆ ಕಾಲು ನೋಡಿಕೊಂಡು ಪೆಚ್ಚಾಗಿ ನಿಂತರು. ದಾರಿಯಲ್ಲಿ ಎಲ್ಲೋ ಜಾರಿ ಹೋಗಿದೆ, ಅರ್ಧ ಕಿಲೋಮೀಟರು ಬರಿಗಾಲಲ್ಲಿ ಜಲ್ಲಿ ಮೇಲೆ ನಡೆದು ಬಂದಿದ್ದಾರೆ, ಅಂಗಾಲಲ್ಲಿ ರಕ್ತ ಇದೆ, ಗೊತ್ತೇ ಆಗಿಲ್ಲ. ಮಾರನೇ ದಿನವೇ ರಕ್ತ ಪರೀಕ್ಷೆ ಮಾಡಿಸಿದೆವು. ಬಿ12 ತಳ ಹಿಡಿದಿತ್ತು. ಇನ್ನೂ ತಡ ಮಾಡಿದ್ದರೆ ನರಕ್ಕೆ ಆದ ಪೆಟ್ಟು ವಾಪಸು ಸರಿ ಹೋಗದೆ ಇರಬಹುದಿತ್ತು ಅಂತ ಡಾಕ್ಟರು ಬೈದರು. ಸಾಲಾಗಿ ಇಂಜೆಕ್ಷನ್ ಆಯಿತು. ಜೋಮು ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ.

ಇದು ನಮ್ಮ ಒಬ್ಬರದೇ ಹಣೆಬರಹ ಅಂದುಕೊಳ್ಳಬೇಡಿ. ಅದೇ ಜರ್ಮನಿಯಲ್ಲಿ ಹಸಿ ಆಹಾರದ 201 ಜನರ ರಕ್ತ ನೋಡಿದ ಇನ್ನೊಂದು ಅಧ್ಯಯನ 2005ರಲ್ಲಿ ಬಂದಿದೆ. ನೂರಕ್ಕೆ 38 ಜನರಿಗೆ ಬಿ12 ಕೊರತೆ. ಕೆಟ್ಟ ಕೊಲೆಸ್ಟ್ರಾಲ್ ಕಡಿಮೆ ಇತ್ತು, ಅದನ್ನೂ ಹೇಳಬೇಕಲ್ವಾ, ಆದರೆ ಜೊತೆಗೆ ಒಳ್ಳೆಯ ಕೊಲೆಸ್ಟ್ರಾಲೂ ಅರ್ಧದ ಹತ್ತಿರ ಹತ್ತಿರ ಜನರಲ್ಲಿ ಇಳಿದಿತ್ತು.

ಕಾಲು ಜೋಮಿನ ಬಗ್ಗೆ ಇವರು ಮೊದಲು ಫೋನ್ ಮಾಡಿದ್ದು ಡಾಕ್ಟರಿಗಲ್ಲ, ಶಿಬಿರದವರಿಗೆ. ದೇಹದ ವಿಷ ಹೊರಗೆ ಹೋಗ್ತಾ ಇದೆ, ತಡೀಬೇಡಿ ಅಂದರಂತೆ. ಎಂಥ ಅನುಕೂಲದ ಮಾತು ನೋಡಿ. ತಲೆನೋವು ಬಂದರೆ ವಿಷ ಹೋಗ್ತಿದೆ. ಸುಸ್ತಾದರೆ ವಿಷ ಹೋಗ್ತಿದೆ. ಕೂದಲು ಉದುರಿದರೂ ಅದೇ. ಚೆನ್ನಾಗಿದ್ದರೆ ಪದ್ಧತಿ ಕೆಲಸ ಮಾಡಿದೆ. ಯಾವ ಕಡೆಯಿಂದ ಬಂದರೂ ಅವರಿಗೆ ಸೋಲೇ ಇಲ್ಲ.

ಶಿಬಿರದ ಗೋಡೆ ಮೇಲೆ ಗಾಂಧೀಜಿ ಫೋಟೊ ಇತ್ತಂತೆ. ಗಾಂಧೀಜಿಯೂ ಹಸಿ ಆಹಾರ ತಿನ್ನುತ್ತಿದ್ದರು ಅಂತ ಪಾಠ ಮಾಡಿದರಂತೆ. ಅರ್ಧ ನಿಜ. 1929ರಲ್ಲಿ ಅವರು ಬೇಯಿಸದ ಆಹಾರದ ಪ್ರಯೋಗ ಮಾಡಿದ್ದು ಹೌದು, ಮೊಳಕೆ ಬರಿಸಿದ ಗೋಧಿ, ಕಡಲೆ, ಬಾದಾಮಿ, ಹಣ್ಣು, ಸೊಪ್ಪು. ಕೆಲವೇ ತಿಂಗಳಲ್ಲಿ ಆಮಶಂಕೆ ಹಿಡಿದು ಬಿಡಬೇಕಾಯಿತು, ಮತ್ತೆ ಮೇಕೆ ಹಾಲಿಗೆ ಬಂದರು. ಅದನ್ನು ಅವರು ಮುಚ್ಚಿಡಲಿಲ್ಲ, ಪ್ರಯೋಗ ಶುರು ಮಾಡಿದ್ದನ್ನು ಬರೆದ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲೇ ನಿಲ್ಲಿಸಿದ್ದನ್ನೂ ಬರೆದರು. ಸಂಪಾದಕರೇ, ಅವರೂ ಪತ್ರಿಕೆ ನಡೆಸಿದವರೇ. ನಿಮ್ಮ ಪುರವಣಿಯಿಂದ ನಾನು ಕೇಳುತ್ತಿರುವುದು ಅಷ್ಟನ್ನೇ.

ಹಸಿ ತಿನ್ನುವುದನ್ನು ನಮಗೆ ಶಿಬಿರದವರು ಕಲಿಸಬೇಕಾಗಿಲ್ಲ. ರಾಮನವಮಿಗೆ ಕೋಸಂಬರಿ ಮಾಡುವವರು ನಾವು. ನಮ್ಮ ಕಡೆ ಒಂದೆಲಗದ ತಂಬುಳಿ, ಸೌತೆಕಾಯಿ ಸಾಸಿವೆ ಇಲ್ಲದ ಬೇಸಿಗೆ ಊಟವೇ ಇಲ್ಲ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ಪಕ್ಕ ಹಸಿ ಮೆಂತ್ಯಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ಇಟ್ಟುಕೊಂಡೇ ಕೂರುತ್ತಾರೆ. ಆದರೆ ಪಕ್ಕ ಇಟ್ಟುಕೊಳ್ಳುತ್ತಾರೆ, ರೊಟ್ಟಿ ಎತ್ತಿ ಆಚೆ ಇಡುವುದಿಲ್ಲ. ಯಾವುದನ್ನು ಹಸಿ ತಿನ್ನಬಾರದು ಅನ್ನುವುದೂ ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಕಳಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಿಯೇ ಪಲ್ಯ ಮಾಡುವುದು. ಎಳೆ ಬಿದಿರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಪದ್ಧತಿ ಮಾತ್ರ ಸರಿಯಾಗಿತ್ತು. ಒಂದು ದಿನ ಊಟದ ಹೊತ್ತಲ್ಲಿ ನಮ್ಮವರು, ನಿಸರ್ಗ ಕೊಟ್ಟದ್ದನ್ನ ಹಾಗೇ ತಿನ್ನಬೇಕಮ್ಮ, ಬೇಯಿಸಿದರೆ ಜೀವ ಸತ್ತುಹೋಗುತ್ತೆ ಅಂತ ಭಾಷಣ ಶುರು ಮಾಡಿದರು. ಅತ್ತೆ ಪತ್ರೊಡೆಗೆ ಅಂತ ಕೊಯ್ದು ತಂದಿದ್ದ ಕೆಸುವಿನ ಎಲೆ ಎತ್ತಿ ಮುಂದೆ ಹಿಡಿದರು. "ತಗೋ ಮಗಾ, ಇದನ್ನ ಹಸಿ ತಿಂದು ತೋರಿಸು." ಕೆಸುವಿನಲ್ಲಿ ಸೂಜಿಯಂಥ ಹರಳು ಇರುತ್ತವಲ್ಲ, ಬೇಯಿಸಿ ಹುಳಿ ಹಾಕದಿದ್ದರೆ ಗಂಟಲು ತುರಿಸಿ ಊದಿಕೊಳ್ಳುತ್ತದೆ. ಭಾಷಣ ಅವತ್ತಿಗೆ ನಿಂತಿತು.

ಬೇಯಿಸಿದರೆ ಸತ್ವವೆಲ್ಲ ಹೋಗುತ್ತದೆ ಅನ್ನುವುದೂ ಅಷ್ಟೇ. ವಿಟಮಿನ್ ಸಿ ಹೋಗುತ್ತದೆ, ಒಪ್ಪಿದೆ, ಅದಕ್ಕೆ ಮೇಲಿಂದ ನಿಂಬೆಹಣ್ಣು ಹಿಂಡಿಕೊಳ್ಳುತ್ತೇವೆ. ಆದರೆ ಟೊಮ್ಯಾಟೊ, ಕ್ಯಾರೆಟ್‌ನ ಕೆಂಪು ಅಂಶ ಬೆಂದ ಮೇಲೆ, ಸ್ವಲ್ಪ ಎಣ್ಣೆ ಸೇರಿದ ಮೇಲೆ ಮೈಗೆ ಚೆನ್ನಾಗಿ ಹತ್ತುತ್ತದೆ. ಬೇಯಿಸದ ರಾಜ್ಮಾ ನಾಲ್ಕೈದು ಕಾಳು ತಿಂದರೆ ವಾಂತಿ ಆಗಬಹುದು.

ಜ್ಯೂಸಿನ ವಿಷಯ ಹೇಳಲೇಬೇಕು, ಯಾಕೆಂದರೆ ಬೆಂಗಳೂರಿಗೆ ಮಗಳ ಮನೆಗೆ ಹೋದಾಗಲೆಲ್ಲ ಪಾರ್ಕಿನ ಗೇಟಲ್ಲಿ ಬೆಳಿಗ್ಗೆ ಬೆಳಿಗ್ಗೆ ಕ್ಯಾನು ಇಟ್ಟುಕೊಂಡು ಮಾರುವವರನ್ನು ನೋಡುತ್ತೇನೆ. ಸೋರೆಕಾಯಿ, ಹಾಗಲಕಾಯಿ, ನೆಲ್ಲಿಕಾಯಿ ಎಲ್ಲ ಸೇರಿಸಿ ಕೊಡುತ್ತಾರೆ. ಕಹಿ ಸೋರೆಕಾಯಿ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ. ಅದಕ್ಕೇ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ತಜ್ಞರ ಸಮಿತಿ ಮಾಡಿ, ಚೂರು ಕತ್ತರಿಸಿ ರುಚಿ ನೋಡಿ, ಕಹಿ ಇದ್ದರೆ ಎಸೆಯಿರಿ, ಬೇರೆ ರಸದ ಜೊತೆ ಬೆರೆಸಬೇಡಿ ಅಂತ ಹೇಳಿತು. ಹಾಗಲಕಾಯಿ ಬೆರೆಸಿದ ಮೇಲೆ ಸೋರೆಕಾಯಿ ಕಹಿಯಾ ಅಂತ ಯಾವ ನಾಲಿಗೆಗೆ ಗೊತ್ತಾಗುತ್ತದೆ? ಪಲ್ಯ ಮಾಡುವವಳು ಹೆಚ್ಚುವಾಗಲೇ ಒಂದು ಚೂರು ಬಾಯಿಗೆ ಹಾಕಿ ನೋಡಿರುತ್ತಾಳೆ. ಆ ಕ್ಯಾನಿನವನು ನೋಡಿದ್ದಾನಾ?

ಮೊಳಕೆಕಾಳಿನ ಬಗ್ಗೆ ಇನ್ನೊಂದು ಮಾತು. 2011ರಲ್ಲಿ ಜರ್ಮನಿಯಲ್ಲಿ ಹಸಿ ಮೊಳಕೆ ತಿಂದು 4,000ದ ಹತ್ತಿರ ಜನ ಕಾಯಿಲೆ ಬಿದ್ದರು, 50ಕ್ಕೂ ಜಾಸ್ತಿ ಜನ ತೀರಿಕೊಂಡರು. ಯಾವ ಕಾಳು ಅಂದುಕೊಂಡಿರಿ? ನಮ್ಮ ಮನೆ ಡಬ್ಬಿಯಲ್ಲಿರುವ ಮೆಂತ್ಯವೇ, ಈಜಿಪ್ಟಿನಿಂದ ಬಂದದ್ದು. ಮೊಳಕೆ ಬರಲು ಬೇಕಾದ ಬೆಚ್ಚನೆಯ ಒದ್ದೆಯೇ ರೋಗಾಣು ಬೆಳೆಯಲಿಕ್ಕೂ ಬೇಕಾದದ್ದು, ಕಾಳಿನ ಸಂದಿಯಲ್ಲಿ ಸೇರಿಕೊಂಡಿದ್ದರೆ ಎಷ್ಟು ತೊಳೆದರೂ ಹೋಗಲ್ಲ. ಕೊಳಚೆ ನೀರು ಹಾಯಿಸಿದ ತೋಟದ ಸೊಪ್ಪಾದರೆ ಲಾಡಿಹುಳುವಿನ ಮೊಟ್ಟೆ ಬರಬಹುದು, ಅದರ ಮರಿ ಮೆದುಳಿಗೆ ಹೋಗಿ ಕೂತರೆ ಫಿಟ್ಸ್. ಸಸ್ಯಾಹಾರಿಗಳಿಗೂ ಬರುವ ಕಾಯಿಲೆ ಇದು. ಹೆದರಿಸಲಿಕ್ಕೆ ಬರೆದಿದ್ದಲ್ಲ. ಐದು ನಿಮಿಷ ಹಬೆಯಲ್ಲಿಟ್ಟರೆ ಮುಗಿಯುವ ವಿಷಯಕ್ಕೆ ಇಷ್ಟೊಂದು ಹಠ ಯಾಕೆ ಅಂತ ಕೇಳುತ್ತಿದ್ದೇನೆ ಅಷ್ಟೇ.

ಹಠ ಅಂದೆ. ಅದನ್ನೂ ಒಂಚೂರು ಹೇಳಿಬಿಡುತ್ತೇನೆ. ಮದುವೆ ಮನೆಗೆ ಡಬ್ಬಿ ತೆಗೆದುಕೊಂಡು ಹೋಗಿ ಪಂಕ್ತಿಯಲ್ಲಿ ಕ್ಯಾರೆಟ್ ಬಿಚ್ಚಿ ಕೂತವರನ್ನು ನೀವು ನೋಡಿದ್ದೀರಾ? ನಾನು ಪಕ್ಕದ ಎಲೆಯಲ್ಲೇ ಕೂತಿದ್ದೆ. ಬಡಿಸುವವರು ಪ್ರತಿ ಸಲ ನಿಂತು ಕೇಳುವುದು, ಇವರು ಪ್ರತಿ ಸಲ ವಿವರಿಸುವುದು. ಸ್ವಂತ ತಂಗಿ ಮಗಳ ಮದುವೆ, ತಂಗಿಗೆ ಎಷ್ಟು ಬೇಜಾರಾಯಿತೋ ದೇವರಿಗೇ ಗೊತ್ತು. ಶಿಬಿರದಲ್ಲಿ ಜೊತೆಗಿದ್ದವರದ್ದೊಂದು ವಾಟ್ಸ್ಯಾಪ್ ಗುಂಪಿತ್ತು. ಮೊದಮೊದಲು ಬೆಳಿಗ್ಗೆ ಎದ್ದರೆ ತಟ್ಟೆಗಳ ಫೋಟೊ ಸಾಲು ಸಾಲು. ಬರುಬರುತ್ತಾ ಫೋಟೊ ಕಡಿಮೆ ಆಯಿತು, ಗುಡ್ ಮಾರ್ನಿಂಗ್ ಹೂವು ಜಾಸ್ತಿ ಆಯಿತು. ಹೆಚ್ಚಿನವರು ಬಿಟ್ಟಿದ್ದಾರೆ. ಬಿಟ್ಟೆ ಅಂತ ಒಬ್ಬರೂ ಅಲ್ಲಿ ಹಾಕಲಿಲ್ಲ. ಹೊಸದಾಗಿ ಸೇರಿದವರಿಗೆ ಮಾತ್ರ ಎಲ್ಲರೂ ನಡೆಸುತ್ತಿದ್ದಾರೆ, ನನಗೊಬ್ಬನಿಗೇ ಆಗುತ್ತಿಲ್ಲ ಅನಿಸುತ್ತಿರುತ್ತದೆ.

ಈಗ ನಮ್ಮ ಮನೆಯಲ್ಲಿ ಏನು ನಡೆಯುತ್ತಿದೆ ಅಂದರೆ, ಬೆಳಿಗ್ಗೆ ಹಣ್ಣು ಮತ್ತು ಹಬೆಯಲ್ಲಿಟ್ಟ ಮೊಳಕೆಕಾಳು. ಮಧ್ಯಾಹ್ನ ಎಲ್ಲರ ಜೊತೆ ಕೂತು ಸಾರು, ಅನ್ನ, ಪಲ್ಯ, ಮಜ್ಜಿಗೆ, ಜೊತೆಗೆ ಒಂದು ಬಟ್ಟಲು ಹಸಿ ತರಕಾರಿ. ರಾತ್ರಿ ಬೇಸಿಗೆಯಲ್ಲಿ ಬೇಯಿಸದ್ದು, ಮಳೆಗಾಲದಲ್ಲಿ ರಾಗಿ ಗಂಜಿ. ಡಾಕ್ಟರು ಬರೆದುಕೊಟ್ಟ ಬಿ12 ಮಾತ್ರೆ ತಪ್ಪಿಸುವುದಿಲ್ಲ. ಬೋಂಡ, ಬನ್ನು ವಾಪಸು ಬಂದಿಲ್ಲ, ಸಕ್ಕರೆಯೂ ಹತೋಟಿಯಲ್ಲೇ ಇದೆ. ಈ ಪದ್ಧತಿಯೇ ಜಾಸ್ತಿ ಕಾಲ ನಿಂತಿರುವುದು, ನಮ್ಮವರು ಒಪ್ಪಲಿ ಬಿಡಲಿ.

ಹಾಗಾಗಿ ಸಂಪಾದಕರೇ, ಇಂಥ ಅನುಭವ ಹಾಕುವಾಗ ಎಷ್ಟು ಕಾಲದಿಂದ ನಡೆಸುತ್ತಿದ್ದಾರೆ ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಬದಲಿಸಬೇಡಿ, ಬಸುರಿಯರು, ಮಕ್ಕಳು ಈ ತಂಟೆಗೆ ಹೋಗಬೇಡಿ, ವರ್ಷಕ್ಕೊಮ್ಮೆಯಾದರೂ ಬಿ12 ನೋಡಿಸಿ ಅಂತ ಕೆಳಗೆ ಎರಡು ಸಾಲು ಸೇರಿಸಿ. ಹಳೆಯ ಸಂಚಿಕೆ ತೆಗೆದು, ಮೂರು ವರ್ಷದ ಹಿಂದೆ ನೀವೇ ಫೋಟೊ ಹಾಕಿದವರ ಮನೆಗೆ ಮತ್ತೊಮ್ಮೆ ವರದಿಗಾರರನ್ನು ಕಳಿಸಿ. ಚೆನ್ನಾಗಿದ್ದರೆ ಅದನ್ನೂ ಬರೆಯಿರಿ, ಹೇಗೆ ಸಾಧ್ಯ ಆಯಿತು ಅಂತ ನಾನೇ ಮೊದಲು ಓದುತ್ತೇನೆ. ಮಾತಾಡಿಸುವಾಗ ಗಂಡನನ್ನು ಮಾತ್ರ ಕೇಳಬೇಡಿ, ಕಾಯಿ ತುರಿದವರನ್ನೂ ಕೇಳಿ.

ಈ ಪತ್ರವನ್ನು ನಮ್ಮವರಿಗೆ ಓದಿ ಹೇಳಿದ್ದೇನೆ. ಚಪ್ಪಲಿ ವಿಷಯ ತೆಗೆ ಅಂದರು, ತೆಗೆದಿಲ್ಲ. ಹೆಸರು ಮಾತ್ರ ಹಾಕಬೇಡಿ.

ಇತಿ,
ಗೃಹಿಣಿಯೊಬ್ಬಳು, ಸಾಗರ